ಕೌದಿಯ ಕೊನೆಯ ಮೂಲೆ

ಇಂಥದ್ದನ್ನು ಬೇರೆಯವರು ಹೇಳಿದಾಗ ಸೆರಗಿನ ಮರೆಯಲ್ಲಿ ನಕ್ಕವಳು ನಾನು. ಕಾನ್ವೆಂಟಿನಲ್ಲಿ ಕಲಿತವಳೆಂಬ ಜಂಬ ಬೇರೆ. ಈಗ ನಾನೇ ಹೇಳುತ್ತಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ.

ಎಂಬತ್ತರ ದಶಕದ ಮಾತು. ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ಕಥೆ ಬರೆಯುವವರು ಇಬ್ಬರು, ನಾನು ಮತ್ತು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತಾ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಶಾಂತಾಳ ಮೊದಲ ಕಥೆಯೇ ವಾರಪತ್ರಿಕೆಯಲ್ಲಿ ಬಂತು. ನನ್ನವು ಮೂರು ತಿರುಗಿ ಬಂದಿದ್ದವು. ಅತ್ತೆಯವರು ಆ ಪತ್ರಿಕೆಯನ್ನು ದೇವರ ಜಗಲಿಯ ಮೇಲಿಟ್ಟರು. ಅಲ್ಲಿ ದಿನಾ ದೀಪ ಹಚ್ಚುವವಳು ನಾನು.

ನಾಲ್ಕನೆಯ ಕಥೆಗೆ ಸಂಪಾದಕರು ಕಾರ್ಡು ಬರೆದರು: ತಾಯಿ ಮಗಳಿಗೆ ಹೊದೆಯಲು ಹಳೆ ಸೀರೆಗಳ ಕೌದಿ ಹೊಲಿದುಕೊಡುವ ಸನ್ನಿವೇಶಕ್ಕೆ ಜೀವವಿಲ್ಲ, ತಿದ್ದಿ ಕಳಿಸಿದರೆ ಹಾಕುತ್ತೇವೆ. ಹತ್ತು ಸಲ ತಿದ್ದಿದೆ. ಕಣ್ಣೀರು ಹೆಚ್ಚು ಮಾಡಿದೆ, ಮಾತು ಕಡಿಮೆ ಮಾಡಿದೆ. ಕೌದಿ ಹೊಲಿಯುವುದರಲ್ಲಿ ಶಾಂತಾಳ ಕೈ ಪಳಗಿತ್ತು, ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಅವಳು ತನ್ನ ತವರೂರು ತಂಬೂರಿಗೆ ಹೋದಾಗ ಉಸಿರು ಬಂದಂತಾಯಿತು.

ಒಂದು ಮಧ್ಯಾಹ್ನ ನೋಟುಬುಕ್ಕನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಅಂಗಳದ ಹಪ್ಪಳ ತಿರುವಿ ಹಾಕಿ ಬಂದೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ಪುಸ್ತಕ ತೆರೆದರೆ, ಆ ಸನ್ನಿವೇಶದ ಮೇಲೆ ಅಡ್ಡಗೆರೆ. ಕೆಳಗೆ ಹೊಸದಾಗಿ ನಾಲ್ಕೇ ಸಾಲು. ತಾಯಿ ಒಂದು ಮೂಲೆ ಹೊಲಿಯದೆ ಬಿಡುತ್ತಾಳೆ, ಒಳಗೆ ರೊಟ್ಟಿಯ ಚೂರಿಡುತ್ತಾಳೆ, "ಇದರ ಹೊಟ್ಟಿ ತುಂಬೇತಿ, ನೀನೂ ಹಸಗೊಂಡು ಮಲಗಬ್ಯಾಡ" ಎಂದು ಮೂಲೆ ಮುಚ್ಚುತ್ತಾಳೆ. ಅಕ್ಷರ ನನ್ನವೇ, ಬಾಲ ಉದ್ದವಾದ ನನ್ನ 'ಳ' ಕೂಡ. ಶಾಯಿ ಬೆರಳಿಗೆ ಹತ್ತಿತು.

ಕೌದಿಗೆ ಉಣಿಸುವ ಪದ್ಧತಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಅಂಗಡಿಯ ಚಾದರ ಹೊದ್ದು ಬೆಳೆದವಳು ನಾನು.

ಶಾಂತಾ ಬಂದ ದಿನವೇ, ಕಳ್ಳತನ ಹಿಡಿದವಳ ಧಾಟಿಯಲ್ಲಿ, ಅದನ್ನು ಓದಿ ಹೇಳಿದೆ. ಅವಳ ಮುಖ ಇಳಿಯಿತು.

"ರೊಟ್ಟಿ ಇಡೂದು ಎಲ್ಲಾರಿಗೂ ಗೊತ್ತೈತ್ರಿ ಅಕ್ಕಾ. ಆದ್ರ ಈ ಮಾತು ನಮ್ಮವ್ವ ನನ್ನ ಕಿವ್ಯಾಗ ಹೇಳಿದ್ದು. ನಾ ಯಾರ ಮುಂದೂ ಅಂದಿಲ್ರಿ." ಎದ್ದು ಬಾಗಿಲಿಗೆ ಹೋಗಿ, "ಬರೀಬೇಕಂತ ಇಟ್ಕೊಂಡಿದ್ದೆ," ಎಂದಳು.

ಆದರೂ ಕಳಿಸಿದೆ. ಅಚ್ಚಾಯಿತು. ಅತ್ತೆಯವರು ಅದನ್ನೂ ಜಗಲಿಯ ಮೇಲಿಟ್ಟರು. ಓದಿದವರೆಲ್ಲ ಆ ನಾಲ್ಕು ಸಾಲನ್ನೇ ಹೊಗಳಿದರು. ಶಾಂತಾ ಮುಂದೆ ಬರೆಯಲಿಲ್ಲ. ನಾನು ಬರೆದೆ, ಆದರೆ ಅಂಥ ಸಾಲು ಮತ್ತೆ ಬರಲಿಲ್ಲ.

ಅಂದು ಬರೆದವರು ಯಾರೆಂದು ಇಂದಿಗೂ ತಿಳಿಯದು. ಶಾಂತಾಳ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿತು. ಆ ಸಾಲು ಬರೆದವರ ಮೇಲಿನದು ಇನ್ನೂ ಆರಿಲ್ಲ.