ಫ್ಲಾಪಿಗೆ ಇಟ್ಟ ಗಂಧ

ಕಂಕನಾಡಿ ಮಾರ್ಕೆಟಿನ ಎದುರಿನ ಕಟ್ಟಡದಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ. ಪಕ್ಕದ ಕೋಣೆಯಲ್ಲಿ ಶಶಿಪ್ರಭಾ ಅವರ ಎಂಬ್ರಾಯ್ಡರಿ. ಅವರ ಯಂತ್ರ ಹಳೆಯದು. ಡಿಸೈನನ್ನು ಫ್ಲಾಪಿಯಲ್ಲಿ ಹಾಕಿ ಕೊಟ್ಟರೆ ಮಾತ್ರ ಹೊಲಿಯುತ್ತದೆ, ಬೇರೇನು ಕೊಟ್ಟರೂ ಮೂಸಿ ನೋಡುವುದಿಲ್ಲ. ಹೊಸದು ತೆಗೆದುಕೊಳ್ಳಿ ಎಂದು ಬಿಟ್ಟಿ ಬುದ್ಧಿ ಹೇಳುವವರು ಬರುತ್ತಲೇ ಇರುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಿಸಲು ಇವರಿಗೇನು ಅವಸರವೋ.

ಶಶಿಯಕ್ಕ ಮೀನುಗಾರರ ಮನೆಯ ಹೆಣ್ಣು. ಯಂತ್ರ ಮಾರಿದವನು ಅಂದು ತೋರಿಸಿಕೊಟ್ಟದ್ದನ್ನೇ ಇಂದಿಗೂ ಮಾಡುತ್ತಾರೆ. ಫ್ಲಾಪಿಯ ಮೂಲೆಯ ತೂತಿಗೆ ಟೇಪು ಅಂಟಿಸುತ್ತಾರೆ. ಅದನ್ನು ಅಳಿಸಿ ಅಣಿಮಾಡಲು ಹಳೆ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಫಾರ್ಮ್ಯಾಟ್ ಎಂದು ಟೈಪು ಮಾಡಿ, ಎ ಡ್ರೈವಿನ ಹೆಸರು ಹಾಕಿ, ಕೊನೆಗೆ ೭೨೦ ಎಂದು ಸೇರಿಸುತ್ತಾರೆ. ಆ ೭೨೦ ಮರೆತರೆ ಯಂತ್ರ ಫ್ಲಾಪಿಯ ಗುರುತೇ ಹಿಡಿಯುವುದಿಲ್ಲ. ಪರದೆಯಲ್ಲಿ ಅಂಕೆ ಏರುವಾಗ ಒಲೆಯ ಮೇಲಿನ ಹಾಲನ್ನು ಕಾಯುವಂತೆ ನಿಂತಿರುತ್ತಾರೆ. ನೂರು ಮುಟ್ಟಿದರೆ ಫ್ಲಾಪಿಯ ಬೆನ್ನು ತಟ್ಟುತ್ತಾರೆ.

ಗಂಡ ಪೂವಪ್ಪಣ್ಣ ಬಂದರ್‌ನಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡಿ ಈಗ ಮನೆಯಲ್ಲಿರುವವರು. ಬಹಳ ಒಳ್ಳೆಯ ಮನುಷ್ಯ, ಭಕ್ತಿ ಮಾತ್ರ ಸ್ವಲ್ಪ ಜಾಸ್ತಿ. ಹೋದ ವರ್ಷ ಆಯುಧಪೂಜೆಗೆ ಅಂಗಡಿಯ ಪೂಜೆಯನ್ನು ತಾವೇ ವಹಿಸಿಕೊಂಡರು. ಯಂತ್ರಕ್ಕೆ ಹೂಮಾಲೆ, ಕತ್ತರಿಗೆ ಕುಂಕುಮ ಆಯಿತು. ಫ್ಲಾಪಿಗಳ ಸರದಿ ಬಂದಾಗ ಒಂದೊಂದರ ತಗಡಿನ ಬಾಗಿಲು ಸರಿಸಿ, ಒಳಗಿನ ಕಪ್ಪು ಬಿಲ್ಲೆಗೇ ಗಂಧದ ಬೊಟ್ಟು ಇಟ್ಟರು. ಬೋಟಿನ ಎಂಜಿನ್ನಿಗೂ ಅವರು ಮುಚ್ಚಳ ತೆಗೆದೇ ಗಂಧ ಹಚ್ಚುತ್ತಿದ್ದರು. ಹೊರಗೆ ಹಚ್ಚಿದರೆ ಪೂಜೆ ಬರೀ ಮುಚ್ಚಳಕ್ಕೆ ಸಲ್ಲುತ್ತದೆ ಎಂಬುದು ಅವರ ನಂಬಿಕೆ.

ಮರುದಿನ ಬೆಳಿಗ್ಗೆಯೇ ರೈಹಾನಾ ಬಂದು ಕುಳಿತಳು. ಇಲ್ಲೇ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ನಾಳೆಯೇ ಅವಳ ನಿಕಾಹ್. ಕೆಂಪು ದುಪಟ್ಟಾದ ಅಂಚಿನಲ್ಲಿ ಅವಳ ಹೆಸರನ್ನೂ ವರನ ಹೆಸರನ್ನೂ ಜರಿ ದಾರದಲ್ಲಿ ಹೊಲಿದು ಸಂಜೆಯೊಳಗೆ ಕೊಡುತ್ತೇನೆಂದು ಶಶಿಯಕ್ಕ ಮಾತು ಕೊಟ್ಟಿದ್ದರು.

ಶಶಿಯಕ್ಕ ಕಂಪ್ಯೂಟರಿಗೆ ಮೊದಲ ಫ್ಲಾಪಿ ಹಾಕಿದರು. ಇದು ಉಪಯೋಗಕ್ಕೆ ಬಾರದು ಎಂದಿತು ಪರದೆ. ಎರಡನೆಯದಕ್ಕೂ ಅದೇ ಮಾತು. ಮೂರನೆಯದರ ಬಾಗಿಲು ಸರಿಸಿ ನೋಡಿದರು.

“ಇದಕ್ಕೆ ಎಂತ ಹಾಕಿದ್ದೀರಿ?” ಎಂದು ಗಂಡನನ್ನು ಕೇಳಿದರು.

“ಗಂಧ,” ಎಂದರು ಪೂವಪ್ಪಣ್ಣ. “ನಾನೇ ಕಲ್ಲಿನಲ್ಲಿ ತೇದದ್ದು.”

“ಎಲ್ಲದಕ್ಕೂ?”

“ಒಂದನ್ನು ಬಿಟ್ಟರೆ ಅದಕ್ಕೆ ಬೇಜಾರಾಗುದಿಲ್ವಾ ಮಾರಾಯ್ತಿ?”

ನನಗೆ ನಗು ಬಂತು, ಶಶಿಯಕ್ಕನ ಮುಖ ನೋಡಿ ನುಂಗಿಕೊಂಡೆ. ಉಳಿದ ಎಂಬ್ರಾಯ್ಡರಿ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಫ್ಲಾಪಿಯಂತೂ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮದುವೆ ಹುಡುಗಿಗೆ ಕೊಟ್ಟ ಮಾತು ತಪ್ಪುತ್ತದಲ್ಲ ಎಂದು ಅವರ ಕಣ್ಣು ತುಂಬಿತ್ತು.

ಹಿಂದಿನ ದಿನ ಗಂಧ ಮುಗಿಯುವ ಹೊತ್ತಿಗೆ ಪೂವಪ್ಪಣ್ಣನ ಕೈಗೆ ಸಿಕ್ಕಿದ ಒಂದು ಫ್ಲಾಪಿಗೆ ಮಾತ್ರ ಬೊಟ್ಟು ತೆಳುವಾಗಿತ್ತು. ರೈಹಾನಾ ಲ್ಯಾಬಿಗೆ ಓಡಿಹೋಗಿ ಸ್ಪಿರಿಟನ್ನೂ ಹತ್ತಿಯನ್ನೂ ತಂದಳು. ಒರೆಸಿ, ಆರಿಸಿ, ಮತ್ತೆ ಫಾರ್ಮ್ಯಾಟಿಗೆ ಹಾಕಿದರು. ಅಂಕೆ ಏರುತ್ತ, ನಿಲ್ಲುತ್ತ, ಗರಗರ ಎನ್ನುತ್ತ ಕೊನೆಗೂ ನೂರು ಮುಟ್ಟಿತು. ಆದರೆ ಹಾಳಾದ ಜಾಗವೇ ಹೆಚ್ಚು, ಉಳಿದದ್ದರಲ್ಲಿ ಒಂದೇ ಹೆಸರು ಹಿಡಿಯುತ್ತಿತ್ತು.

“ಒಂದು ಹೊಲಿದು, ಅಳಿಸಿ, ಆಮೇಲೆ ಇನ್ನೊಂದು ಹಾಕ್ತೇನೆ,” ಎಂದರು ಶಶಿಯಕ್ಕ. ಗಂಡಿನ ಹೆಸರು ಮೊದಲು ಹೊಲಿಯುವುದು ಅವರ ರೂಢಿ.

“ಮೊದಲು ನನ್ನದು ಹಾಕಿ ಅಕ್ಕ,” ಎಂದಳು ರೈಹಾನಾ. “ಹೊದ್ದುಕೊಳ್ಳುವುದು ನಾನಲ್ವಾ?”

ಬಳ್ಳಿಗಳ ನಡುವೆ ರೈಹಾನಾ ಎಂಬ ಹೆಸರು ಚಂದವಾಗಿ ಮೂಡಿತು. ಎರಡನೆಯ ಸಲ ಫಾರ್ಮ್ಯಾಟಿಗೆ ಹಾಕಿದಾಗ ಫ್ಲಾಪಿ ಒಳಗೇ ಒಮ್ಮೆ ಕಿರುಗುಟ್ಟಿತು. ಆಮೇಲೆ ಎಷ್ಟು ಸಲ ಹಾಕಿದರೂ ಜೀವ ಬರಲಿಲ್ಲ. ಪೂವಪ್ಪಣ್ಣ ಗೋಡೆಯ ಕಡೆ ತಿರುಗಿ ನಿಂತರು.

“ಹುಡುಗನ ಹೆಸರು ನಾನು ಕೈಯಲ್ಲೇ ಹೊಲಿದು ಕೊಡ್ತೇನೆ,” ಎಂದರು ಶಶಿಯಕ್ಕ.

ರೈಹಾನಾ ದುಪಟ್ಟಾವನ್ನು ತಲೆಗೆ ಹೊದ್ದು ನನ್ನ ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡಳು. “ಬೇಡ ಅಕ್ಕ, ಜಾಗ ಹಾಗೇ ಇರ್ಲಿ. ಒಂದು ವರ್ಷ ನೋಡ್ತೇನೆ. ಒಳ್ಳೆ ಜನ ಅಂತ ಕಂಡರೆ ಆಗ ಹಾಕಿಸುವ.”

ಪೂವಪ್ಪಣ್ಣನೇ ಎಲ್ಲರಿಗಿಂತ ಮೊದಲು ನಕ್ಕದ್ದು. ಶಶಿಯಕ್ಕ ಮಾತ್ರ ಆ ಖಾಲಿ ಜಾಗವನ್ನು ನೆನೆದು ವಾರಗಟ್ಟಲೆ ಕೊರಗಿದರು. ಹಳೆ ಫ್ಲಾಪಿಗಳನ್ನು ಎಲ್ಲಿಂದಲೋ ತರಿಸಿಕೊಂಡ ಮೇಲೂ ಕೊರಗು ಹೋಗಲಿಲ್ಲ.

ಕಳೆದ ವಾರ ತೆಳ್ಳಗಿನ ಹುಡುಗನೊಬ್ಬ ಅದೇ ದುಪಟ್ಟಾವನ್ನು ಮಡಚಿ ಹಿಡಿದುಕೊಂಡು ಬಂದ.

“ನಾನು ತೌಸೀಫ್, ರೈಹಾನಾಳ ಗಂಡ. ಈಗ ನನ್ನ ಹೆಸರು ಹಾಕ್ಬಹುದಂತೆ.”

ಶಶಿಯಕ್ಕ ಅಷ್ಟಕ್ಕೆಲ್ಲ ನಂಬುವವರಲ್ಲ. “ಅವಳೇ ಹೇಳ್ಬೇಕು,” ಎಂದರು. ಅವನು ಪಾಪ, ಅಲ್ಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

“ಹಾಕಿ ಅಕ್ಕ,” ಎಂದಳು ರೈಹಾನಾ. “ಆದರೆ ನನ್ನದಕ್ಕಿಂತ ಸ್ವಲ್ಪ ಸಣ್ಣ ಇರ್ಲಿ.”