ಉಡಪ್ಪನ ಬೆನ್ನಿನ ಹೊಲಿಗೆ

ಮಧ್ಯಾಹ್ನ ಮೂರೂ ಮುಕ್ಕಾಲಿಗೆ ತೋಟದಲ್ಲಿ ಹೊಗೆ ಹಾಕಿದೆವು. ಕೆಡಲು ಶುರುವಾಗಿದ್ದು ಅಲ್ಲಿಂದ.

ಕೊರೊನಾ ಮುಗಿದ ನಂತರದ ಎರಡನೇ ಬೇಸಿಗೆ ಅದು. ಫ್ಯಾಷನ್ ಡಿಸೈನ್ ಓದಿ ತುಮಕೂರಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದ ನನಗೆ ಮೊದಲ ಸಿನಿಮಾ ಸಿಕ್ಕಿತ್ತು. ಹುದ್ದೆ ಕಾಸ್ಟ್ಯೂಮ್ ಡಿಸೈನರ್. ಕೆಲಸ, ಅರ್ಧ ಮನುಷ್ಯ ಅರ್ಧ ಉಡವಾದ ಒಂದು ಪ್ರಾಣಿಗೆ ಚರ್ಮ ಹೊಲಿಯುವುದು.

ಬಜೆಟ್ ಬಹಳ ಚಿಕ್ಕದು. ಹಾಸಿಗೆ ಅಂಗಡಿಯಲ್ಲಿ ಉಳಿದ ಫೋಮೇ ಮೈ, ಹಳೇ ಸೈಕಲ್ ಟ್ಯೂಬೇ ಹುರುಪೆ. ಬಾಯಿಗೆ ಕಿಟಕಿಯ ಸೊಳ್ಳೆ ಜಾಲರಿ ಕೂರಿಸಿದ್ದೆ. ಒಳಗಿನವನು ಅದರ ಮೂಲಕವೇ ನೋಡಬೇಕು, ಉಸಿರಾಡಬೇಕು. ಜಿಪ್ ಕ್ಯಾಮೆರಾಗೆ ಕಾಣುತ್ತದೆಂದು ಪ್ರತಿ ಸಲವೂ ಅವನನ್ನು ಒಳಗಿಳಿಸಿ ಬೆನ್ನು ಹೊಲಿಯುತ್ತಿದ್ದೆ, ಶಾಟ್ ಮುಗಿದ ಮೇಲೆ ಬಿಚ್ಚುತ್ತಿದ್ದೆ. ಆ ಒಳಗಿನವನು ಲೋಕೇಶ. ಹಿರೇಹಳ್ಳಿಯಲ್ಲಿ ಲೇತ್ ಆಪರೇಟರ್. ನಟನೆಯ ಹುಚ್ಚಿಗೆ ರಜೆ ಹಾಕಿ ಬಂದಿದ್ದ. ಯೂನಿಟ್‌ನವರು ಅವನನ್ನು ಉಡಪ್ಪ ಎಂದೇ ಕರೆಯುತ್ತಿದ್ದರು.

ಅಂದು ಗುಬ್ಬಿ ಹತ್ತಿರದ ತೆಂಗಿನ ತೋಟದಲ್ಲಿ ಉಡಪ್ಪ ಮಂಜಿನೊಳಗಿಂದ ನಡೆದು ಬರುವ ದೃಶ್ಯ. ಮಂಜಿನ ಮೆಷಿನ್‌ಗೆ ಬಾಡಿಗೆ ಯಾರು ಕೊಡುತ್ತಾರೆ? ಒಣಗಿದ ಕಾಯಿ ಸಿಪ್ಪೆಗೆ ಬೆಂಕಿ ಕೊಟ್ಟು, ನೀರು ಚಿಮುಕಿಸಿ ಹೊಗೆ ಎಬ್ಬಿಸಿದರು. ಗಾಳಿ ಅದನ್ನು ಬೇಲಿ ಮೂಲೆಯ ಅರಳಿಮರಕ್ಕೆ ಕೊಂಡೊಯ್ದಿತು.

ಸ್ವಲ್ಪ ಹೊತ್ತಿಗೆ ಗುಂಯ್ ಎಂಬ ಸದ್ದು. ಸೌಂಡ್ ರೆಕಾರ್ಡಿಸ್ಟ್ ಕೈ ಎತ್ತಿದ. "ತಡೀರಿ, ಹೆಲಿಕಾಪ್ಟರ್ ಬರ್ತಾ ಇದೆ. ಹೋಗ್ಲಿ."

ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಹತ್ತಿರ ಅಲ್ಲವೇ, ಈ ಕಡೆ ಆ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಸದ್ದು ದಾಟುವ ತನಕ ಮಾತಿಲ್ಲದೆ ಕಾಯುವುದು ಶೂಟಿಂಗ್‌ನ ಪದ್ಧತಿ. ಇಡೀ ಯೂನಿಟ್ ಶಿಸ್ತಿನಿಂದ ನಿಂತಿತ್ತು. ಸದ್ದು ದಾಟಲಿಲ್ಲ, ಹತ್ತಿರವಾಯಿತು.

ತೋಟದ ಯಜಮಾನ ರುದ್ರಣ್ಣ ಕೂಗಿದರು: "ಹೆಲಿಕಾಪ್ಟರ್ ಅಲ್ಲ ಕಣ್ರಪ್ಪೋ, ಹೆಜ್ಜೇನು! ಓಡ್ರಿ! ಪಂಪ್ ಮನೆಗೆ ಓಡ್ರಿ!"

ಎಲ್ಲರೂ ಓಡಿದರು. ಆಳುದ್ದದ ಬಾಲ ಕಟ್ಟಿಕೊಂಡ ಲೋಕೇಶ ಎರಡು ಹೆಜ್ಜೆ ಇಟ್ಟು ಬಿದ್ದ. ನಾನು ಹಿಂದಿರುಗಿದೆ. ಜಾಲರಿಯ ಮೇಲೆ ಹುಳಗಳು ಕಪ್ಪಾಗಿ ಮುತ್ತಿದ್ದವು.

"ಬಿಚ್ಚಕ್ಕಾ! ಉಸ್ರು ಕಟ್ತಾ ಅದೆ, ಬಿಚ್ಚಕ್ಕಾ!"

ಕತ್ತರಿ ಕೈಯಲ್ಲೇ ಇತ್ತು. ಕತ್ತರಿಸಿದರೆ ಬೆವರಿದ ಬರಿಬೆನ್ನು ಹುಳಗಳ ಪಾಲು, ಕತ್ತರಿಸದಿದ್ದರೆ ಉಸಿರು ಕಟ್ಟುತ್ತದೆ. ಫೋಮಿನ ಒಳಕ್ಕೆ ಕೊಂಡಿ ಮುಟ್ಟುವುದಿಲ್ಲ ಎಂದುಕೊಂಡೆ. ಖಾತ್ರಿ ಇರಲಿಲ್ಲ.

"ಬಿಚ್ಚಲ್ಲ ಕಣೋ, ಒಳಕ್ಕೆ ನುಗ್ತವೆ! ಏಳು, ನಡಿ!"

ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು, ಬಾಲ ಹೆಗಲ ಮೇಲೆ ಹೊತ್ತು, ಕಣ್ಣು ಕಾಣದ ಅವನನ್ನು "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಹಿಂದಿನಿಂದ ತಳ್ಳಿದೆ. ಅವನು ದಾರಿಯುದ್ದಕ್ಕೂ "ಬಿಚ್ಚಕ್ಕಾ" ಎನ್ನುತ್ತಲೇ ಇದ್ದ. ಪಂಪ್ ಮನೆಯ ಬಾಗಿಲು ಮುಚ್ಚಿ, ಮೈಗಂಟಿದ ಹುಳಗಳನ್ನು ಗೋಣಿಚೀಲದಿಂದ ಬಡಿದ ಮೇಲೆ ಹೊಲಿಗೆ ಕತ್ತರಿಸಿದೆ. ಅವನು ತೊಟ್ಟಿಯ ಪಕ್ಕ ಕುಸಿದು ಏದುಸಿರು ಬಿಟ್ಟ. ಮೈಯಲ್ಲಿ ಒಂದು ಕೊಂಡಿಯೂ ಇರಲಿಲ್ಲ. ನನ್ನ ಕೈ, ಹಣೆ, ಕಿವಿ ಮಾತ್ರ ಊದಿಕೊಂಡವು.

ರುದ್ರಣ್ಣ ನೋಡಿ ನಕ್ಕರು. "ರಾಕ್ಷಸ ಹೂವಿನಂಗವ್ನೆ. ಹೊಲ್ದೋಳ್ ಮುಖಾನೇ ರಾಕ್ಷಸನಂಗಾಗದೆ. ನಡಿಯವ್ವ, ಆಸ್ಪತ್ರೆಗೆ ಹೋಗಾನ."

ಲೋಕೇಶ ನಗಲಿಲ್ಲ. ಅಂಗಿ ಹಾಕಿಕೊಂಡು ಊರಿಗೆ ಹೊರಟುಹೋದ.

ಊತ ಬೇಗ ಇಳಿಯಿತು, ನಿದ್ದೆ ಬರಲಿಲ್ಲ. ಫ್ಯಾನ್ ಗುಂಯ್ ಎಂದರೆ ಸಾಕು, "ಬಿಚ್ಚಕ್ಕಾ" ಎಂಬ ಕೂಗು ಕೇಳಿ ಎದ್ದು ಕೂರುತ್ತಿದ್ದೆ. ಪಂಪ್ ಮನೆ ಇನ್ನೂ ಹತ್ತು ಹೆಜ್ಜೆ ದೂರವಿದ್ದಿದ್ದರೆ? ಉಸಿರು ನಿಂತಿದ್ದರೆ? ಕೂತಲ್ಲೇ ಉಡಪ್ಪನ ಹೊಟ್ಟೆಯ ಮಡಿಕೆಯೊಳಗೆ ವೆಲ್ಕ್ರೋ ಹಾಕಿ, ಎಳೆದರೆ ಪೂರ್ತಿ ತೆರೆದುಕೊಳ್ಳುವಂತೆ ಒಳಗಡೆ ಒಂದು ಪಟ್ಟಿ ಬಿಟ್ಟೆ.

ಶೂಟಿಂಗ್ ಮತ್ತೆ ಶುರುವಾಗಿದ್ದು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಹಿನ್ನೀರಿನ ದಡದಲ್ಲಿ. ಲೋಕೇಶ ಬರುವುದಿಲ್ಲವೆಂದೇ ಎಣಿಸಿದ್ದೆ. ಬಂದ. ಚರ್ಮದೊಳಗೆ ಕಾಲಿಟ್ಟು, ನನಗೆ ಬೆನ್ನು ತಿರುಗಿಸಿ ನಿಂತ.

"ಹೊಲಿಯಕ್ಕ."

ವೆಲ್ಕ್ರೋ ಪಟ್ಟಿ ಅವನ ಕೈಗೆ ಕೊಟ್ಟೆ. "ಇನ್ಮೇಲೆ ನನ್ನ ಕೇಳ್ಬೇಡ. ಬೇಕು ಅನ್ನಿಸಿದ್ರೆ ನೀನೇ ಎಳಕೋ."

ಅವನು ಒಂದು ಸಲ ಎಳೆದು ನೋಡಿದ. "ಇರ್ಲಿ ಬುಡು. ಆದ್ರೆ ಜೇನು ಬಂದ್ರೆ ನಿನ್ನೇ ಕೇಳೋದು."

ಯಾರನ್ನೇ ಆಗಲಿ ಉಡುಪಿನೊಳಗೆ ಕಳಿಸುವ ಮೊದಲು, ಹೊರಬರುವ ದಾರಿಯನ್ನು ಅವರ ಕೈಗೇ ಕೊಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು. ಆಮೇಲೆ ಹೊಲಿದ ಎಲ್ಲ ವೇಷಗಳಿಗೂ ಒಳಗಡೆ ಅಂಥದೊಂದು ಪಟ್ಟಿ ಇದೆ.

ಆ ರಾತ್ರಿ ಕುಣಿಗಲ್‌ನ ಲಾಡ್ಜಿನಲ್ಲಿ ಫ್ಯಾನ್ ಜೋರಾಗಿಟ್ಟು ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಹೊರಗೆ ಲೋಕೇಶ ಬಾಗಿಲು ಬಡಿಯುತ್ತಿದ್ದ.

"ಏಳಕ್ಕಾ! ಎಲ್ರೂ ಕಾಯ್ತಾವ್ರೆ, ಹೊಲ್ಯೋರಿಲ್ದೆ ಉಡಪ್ಪ ಬರೀ ಚಡ್ಡೀಲಿ ನಿಂತವ್ನೆ!"