ಕಾಲು ನೋಡಿ ಸಿನಿಮಾ ಅಳೆಯುವ ಪೊರೊ

ನನ್ನ ಗಂಡ ಟೆಲೆಸ್ಫೋರೊ ಸಿನಿಮಾ ನೋಡುವಾಗ ಯಾರ ಮುಖವನ್ನೂ ನೋಡುವುದಿಲ್ಲ. ಕಾಲು ನೋಡುತ್ತಾನೆ. ನಾಯಕಿ ತನ್ನ ತಾಯಿಯ ಹೆಣದ ಮೇಲೆ ಬಿದ್ದು ಅಳುತ್ತಿದ್ದರೆ ಇಡೀ ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು. ಇವನು ಮಾತ್ರ ನನ್ನ ಪಕ್ಕೆಗೆ ತಿವಿದು, "ಡೋರಿಂಗ್, ಆ ಹೆಣದ ಶೂ ಅಟ್ಟೆ ನೋಡೇ. ಒಂದಿನಾನೂ ಮಣ್ಣು ಮೆಟ್ಟಿಲ್ಲ. ಬೆಳಗ್ಗೆ ಅಂಗಡಿಯಿಂದ ತಂದು ಹಾಕಿ ಮಲಗಿಸಿದಾರೆ," ಎನ್ನುತ್ತಾನೆ. ಇಂಥವನ ಜೊತೆ ನಲವತ್ತನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ನನಗೆ ಯಾರಾದರೂ ಒಂದು ಪದಕ ಕೊಡಬೇಕು.

ತಪ್ಪು ಅವನದೂ ಅಲ್ಲ ಬಿಡಿ. ಮನೆಮನೆಯಲ್ಲೂ ಶೂ ಹೊಲಿಯುವ ನಮ್ಮ ಮರಿಕಿನಾದಲ್ಲಿ ಹುಟ್ಟಿದವರ ಹಣೆಬರಹವೇ ಶೂ. ಹದಿನಾಲ್ಕಕ್ಕೆ ಉಳಿ ಹಿಡಿದವನು ಐವತ್ತು ವರ್ಷ ಬಿಡಲಿಲ್ಲ. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದಕ್ಕೂ ನನ್ನನ್ನೇ ಕೂಗುವಂತಾದಾಗ ಒಂದು ದಿನ ಉಪಕರಣಗಳಿಗೆಲ್ಲ ಎಣ್ಣೆ ಹಚ್ಚಿ ಕಟ್ಟಿಟ್ಟ. ವಾರಗಟ್ಟಲೆ ಊಟ ಸೇರಲಿಲ್ಲ ಅವನಿಗೆ. ಆಮೇಲೆ ಹಿರಿಯರ ಕಾರ್ಡು ಬಂತು. ಆ ಕಾರ್ಡಿದ್ದರೆ ಮಾಲಿನ ಥಿಯೇಟರಿನಲ್ಲಿ ಸೋಮವಾರ, ಮಂಗಳವಾರ ಬೆಳಗಿನ ಆಟ ಬಿಟ್ಟಿ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜಾತಿ ನಾವಿಬ್ಬರೂ. ಸ್ವೆಟರು ಹಾಕಿಕೊಂಡು, ಬೇಯಿಸಿದ ಕಡಲೆಕಾಯಿಯನ್ನು ನನ್ನ ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಕೂತರೆ ಬಿಸಿಲೂ ಇಲ್ಲ, ಸೆಕೆಯೂ ಇಲ್ಲ. ಇವನ ಕಣ್ಣಿಗೆ ಹತ್ತಿರದ್ದು ಮಂಜು, ದೂರದ್ದು ಮಾತ್ರ ಹದ್ದಿಗೆ ಕಂಡ ಹಾಗೆ ಕಾಣುತ್ತದೆ. ಪರದೆಯ ಮೇಲೆ ಎಮ್ಮೆಯಷ್ಟು ದೊಡ್ಡ ಶೂ ಬಂದು ನಿಂತಾಗ ಅವನ ಮುಖ ನೋಡಬೇಕು ನೀವು.

ಆಟ ಮುಗಿದ ಮೇಲೆ ನಮ್ಮ ಗಲ್ಲಿಯ ಬಾಯಲ್ಲಿರುವ ಬೆಲೆನಳ ಗಂಜಿ ಅಂಗಡಿಯಲ್ಲಿ ತೀರ್ಪು. ಶುಂಠಿ ಹಾಕಿದ ಬಿಸಿ ಅಕ್ಕಿಗಂಜಿ ಬಟ್ಟಲಿಗೆ ಬೀಳುವ ಮೊದಲೇ ಬೆಲೆನ್ ಕೇಳುತ್ತಾಳೆ, "ಹೆಂಗಿತ್ತು ಮಾಂಗ್ ಪೊರೊ? ಹೋಗಬಹುದಾ?" ಉದ್ದ ಹೆಸರು ಮೊಟಕಾಗಿ ಇಡೀ ಗಲ್ಲಿಗೆ ಇವನು ಮಾಂಗ್ ಪೊರೊ, ಅಂದರೆ ಪೊರೊ ಮಾವ. ಅವನು 'ಬೇಡ' ಅಂದರೆ ಮುಗಿಯಿತು, ಒಬ್ಬರೂ ಟಿಕೆಟಿಗೆ ದುಡ್ಡು ಬಿಚ್ಚುವುದಿಲ್ಲ.

ಈ ವರ್ಷ ಅವನು 'ಬೇಡ' ಅಂದದ್ದೇ ಹೆಚ್ಚು. ಮೀನು ಮಾರುವ ಬಡ ಹುಡುಗಿಯನ್ನು ಶ್ರೀಮಂತ ಪ್ರೀತಿಸುವ ಸಿನಿಮಾ ಬಂತಲ್ಲ, ನಾನು ಎರಡು ಕರ್ಚೀಫು ಒದ್ದೆ ಮಾಡಿಕೊಂಡೆ. ಇವನು ಗಂಜಿ ಕುಡಿಯುತ್ತಾ, "ಮೀನು ಮಾರೋಳ ಕಾಲಲ್ಲಿ ಕೈಯಲ್ಲಿ ಹೊಲಿದ ಕರುವಿನ ಚರ್ಮದ ಚಪ್ಪಲಿ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅದನ್ನ ಮಾರಿದ್ರೆ ತಿಂಗಳು ಕೂತು ಉಣ್ಣಬಹುದಿತ್ತು, ಆ ಶ್ರೀಮಂತ ಯಾಕೆ ಬೇಕಿತ್ತು?" ಎಂದ. ಅಲ್ಲಿಗೂ ನಿಲ್ಲಲಿಲ್ಲ. "ಅವಳಿಗೆ ಅವನ ಮೇಲೆ ಪ್ರೀತಿಯೂ ಇಲ್ಲ. ತಬ್ಬಿಕೊಂಡಾಗ ಕಾಲ್ಬೆರಳು ಬಾಗಿಲ ಕಡೆ ತಿರುಗಿತ್ತು. ಬಾಯಿ ಏನು ಬೇಕಾದ್ರೂ ಹೇಳುತ್ತೆ. ಕಾಲಿಗೆ ನಾಟಕ ಮಾಡೋಕೆ ಬರಲ್ಲ."

ದೆವ್ವದ ಸಿನಿಮಾ ನೋಡಿ ನಾನು ಎರಡು ದಿನ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ಇವನಿಗೆ ನಗು. "ಬಿಳೀ ಗೌನಿನ ದೆವ್ವದ ಹಿಮ್ಮಡಿ ಒಡೆದಿದೆ, ಹೊರಗಡೆ ಸವೆದಿದೆ. ಪಾಪ, ದಿನಾ ಭಾರ ಹೊರೋ ಹೆಂಗಸು. ಅದಕ್ಕೆ ಹೆದರ್ತೀಯಾ? ಕರೆದು ಗಂಜಿ ಕೊಡು." ಯುದ್ಧದ ಸಿನಿಮಾಕ್ಕೆ ಹೋದಾಗಲಂತೂ ಮರ್ಯಾದೆ ಹೋಯಿತು. ಸಿಪಾಯಿಗಳು ಬಂದೂಕು ಹಿಡಿದು ಓಡಿ ಬರುತ್ತಿದ್ದರೆ ಇವನು ಎದ್ದು ನಿಂತು, "ಅಂಟು ಹಾಕಿದ ಅಟ್ಟೆ! ಆ ಕಾಲದಲ್ಲಿ ಹೊಲಿಗೆ ಕಣ್ರೋ, ಹೊಲಿಗೆ!" ಎಂದು ಕೂಗಿದ. ಹಿಂದಿನಿಂದ ಯಾರೋ, "ಅಜ್ಜಾ, ಕೂತ್ಕೊ, ಗುಂಡು ತಗುಲೀತು," ಅಂದರು. ಹಾರುವ ವೀರರ ಪರದೇಶದ ಸಿನಿಮಾಗಳಿಗೆ ಅವನದು ಒಂದೇ ಪ್ರಶ್ನೆ: ಅಷ್ಟು ಬಿಗಿಯಾದ ಬೂಟಿಗೆ ಝಿಪ್ ಎಲ್ಲಿ? ಅದು ಕಾಣದಿದ್ದರೆ ನಿದ್ದೆ ಹೋಗುತ್ತಾನೆ.

ಮೆಚ್ಚಿದ್ದೇ ಇಲ್ಲ ಅಂತಲ್ಲ. ಬಸ್ ಕಂಡಕ್ಟರ್ ಹೆಂಗಸಿನ ಕತೆ ಒಂದು ಬಂದಿತ್ತು. ಹಾಡಿಲ್ಲ, ಜಗಳವಿಲ್ಲ, ನನಗೆ ಬೇಜಾರೋ ಬೇಜಾರು. ಆದರೆ ಅವಳ ಚಪ್ಪಲಿಯ ಉಂಗುಷ್ಟ ಕಿತ್ತು ಅದಕ್ಕೆ ತಂತಿ ಸುತ್ತಿದ್ದರಂತೆ. ಇವನು ಅಲ್ಲಿ ಕಣ್ಣು ಒರೆಸಿಕೊಂಡ, ನಾನೇ ನೋಡಿದೆ. "ಈ ಸಿನಿಮಾ ತೆಗೆದವನು ನೆಲ ನೋಡಿ ನಡೆದಿದಾನೆ," ಅಂದ. ಅದರ ಮಾರನೆಯ ದಿನ ಗಲ್ಲಿಯ ಅರ್ಧ ಜನ ಹೋಗಿ ಆಕಳಿಸಿ ಬಂದರು.

ಇವನ ಈ ನಾಲಿಗೆಗೆ ಊರೆಲ್ಲ ನಗುತ್ತದೆ. ಹೆದರುವವಳು ಒಬ್ಬಳೇ, ನಮ್ಮ ಮಗಳು ರೋವೆನಾ. ಅವಳು ಸಿನಿಮಾದಲ್ಲೇ ಕೆಲಸ ಮಾಡುವುದು. ನಟರಿಗೆ ಬಟ್ಟೆ ಹೊಂದಿಸುವ ಕೆಲಸ. ಎಂಟು ವರ್ಷ ಇನ್ನೊಬ್ಬರ ಕೈಕೆಳಗೆ ಗುಂಡಿ ಹೊಲಿದಳು. ಈ ಸಲ ಮೊದಲ ಬಾರಿಗೆ ಒಂದು ಸಿನಿಮಾದ ಅಷ್ಟೂ ಉಡುಗೆ ಅವಳ ಜವಾಬ್ದಾರಿ, ಪರದೆಯ ಮೇಲೆ ಅವಳ ಹೆಸರು. ನಲವತ್ತೈದು ವರ್ಷ ಹಿಂದಿನ ಒಬ್ಬ ಮದುಮಗಳ ಕತೆ ಅದು.

ಆರು ತಿಂಗಳ ಹಿಂದೆ, ಇವನು ಕ್ಷೌರಕ್ಕೆ ಹೋಗಿದ್ದ ಹೊತ್ತಿಗೆ ಸರಿಯಾಗಿ ಮನೆಗೆ ಬಂದಳು.

"ಅಮ್ಮಾ, ನಿನ್ನ ಮದುವೆ ಶೂ ಕೊಡು."

"ನಿಂಗೇನ್ ತಲೆ ಕೆಟ್ಟಿದ್ಯಾ? ಅದನ್ನ ನಿಮ್ಮಪ್ಪ ಕೈಯಾರೆ ಮಾಡಿದ್ದು!"

"ಅದಕ್ಕೇ ಕೇಳ್ತಿರೋದು. ಹೊಸದು ತಂದು ಹಳೇದರ ಹಾಗೆ ಮಾಡಿದ್ರೆ ಅಪ್ಪ ಒಂದೇ ನೋಟಕ್ಕೆ ಹಿಡೀತಾರೆ. ಬೆಲೆನ್ ಆಂಟಿ ಅಂಗಡೀಲಿ ಕೂತು ನನ್ನ ಮಾನ ಹರಾಜು ಹಾಕ್ತಾರೆ. ಮದುಮಗಳ ಪಾತ್ರ ಮಾಡೋ ಹುಡುಗೀದೂ ನಿನ್ನ ಅಳತೇನೇ ಅಮ್ಮಾ. ಒಂದು ವಾರ ಅಷ್ಟೇ."

ಬಿಳಿ ಮೇಕೆ ಚರ್ಮದ ಜೋಡಿ. ಪಕ್ಕದಲ್ಲಿ ಮೂರು ಪುಟ್ಟ ಗುಂಡಿ. ದೊಡ್ಡ ಪ್ರವಾಹದ ವರ್ಷ ನದಿ ಮನೆಯೊಳಗೆ ಬಂದಾಗ ನಾನು ಅಕ್ಕಿ ಬಿಟ್ಟು, ರೇಡಿಯೋ ಬಿಟ್ಟು, ಆ ಜೋಡಿಯನ್ನು ಎದೆಗೆ ಅವಚಿಕೊಂಡು ಮಾಡು ಹತ್ತಿದ್ದೆ. ಕೊಟ್ಟೆ. ಮಗಳು ಕೇಳಿದರೆ ತಾಯಿ ಇನ್ನೇನು ಮಾಡುತ್ತಾಳೆ? ಗಂಡನಿಗೆ ಹೇಳಲಿಲ್ಲ.

ಎರಡು ವಾರ ಬಿಟ್ಟು ಅವಳ ಫೋನು ಬಂತು. ಬರೀ ಅಳು. ಮದುಮಗಳು ಅದೇ ಶೂನಲ್ಲಿ ನದಿಯ ಕೆಸರಿಗೆ ಇಳಿಯಬೇಕೆಂದು ನಿರ್ದೇಶಕರು ಆ ಬೆಳಿಗ್ಗೆ ಹಟ ಹಿಡಿದರಂತೆ, ಬೇಡ ಅನ್ನುವ ಧೈರ್ಯ ಇವಳಿಗೆ ಬರಲಿಲ್ಲವಂತೆ. ಎಡಗಾಲಿನದು ಸೀಳಿಹೋಯಿತು, ಬಲಗಾಲಿನದನ್ನು ಕೆಸರು ನುಂಗಿತು. ಒಂದು ತಿಂಗಳ ರಾತ್ರಿಗಳನ್ನು ಸುರಿದು ಆ ಶೂ ಮಾಡಿದ್ದ ಗಂಡ. ಅದು ಹಾಳಾದದ್ದನ್ನು ಅವನು ತಿಳಿಯುವುದು ಎಲ್ಲಿ? ಥಿಯೇಟರಿನಲ್ಲಿ, ಊರವರ ನಡುವೆ. ಆಮೇಲೆ ಅವನ ಬಾಯಿಂದ ಬರುವ ತೀರ್ಪು ನನ್ನ ಮಗಳ ಮೊದಲ ಸಿನಿಮಾದ ಮೇಲೆ.

ಹೇಳಿಬಿಡಬೇಕೆಂದು ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿ ಮುಚ್ಚಿಕೊಂಡೆ.

ಸಿನಿಮಾ ಬಿಡುಗಡೆಯಾದದ್ದು ಬುಧವಾರ. ಸೋಮವಾರ ಬಿಟ್ಟಿಯಾಗಿ ನೋಡೋಣ, ಅಷ್ಟರಲ್ಲಿ ಜನ ಬಾರದೆ ಎತ್ತಿಬಿಟ್ಟರೂ ಬಿಡಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ನಾನೆಂಥ ತಾಯಿ ನೋಡಿ! ಆದರೆ ಪೊರೊ ಬುಧವಾರ ಬೆಳಿಗ್ಗೆಯೇ ಇಸ್ತ್ರಿ ಶರ್ಟು ಹಾಕಿ ನಿಂತ. "ಮಗಳ ಸಿನಿಮಾ. ಟಿಕೆಟ್ ಕೊಂಡೇ ನೋಡೋದು." ಗಲ್ಲಿಯಿಂದ ಹದಿನಾಲ್ಕು ಜನ ಹಿಂದೆ ಹೊರಟರು. ಬೆಲೆನ್ ಒಲೆ ಆರಿಸಿ ಬಂದಳು. ಪೊರೊನ ಪಕ್ಕದಲ್ಲೇ ಮೂವತ್ತು ವರ್ಷ ಅಟ್ಟೆ ಅಂಟಿಸಿದ್ದ ತೂರೊ, ಊರುಗೋಲು ಊರಿಕೊಂಡು ಬಂದ. ರೋವೆನಾ ಕೊನೆಯ ಸಾಲಿನ ಮೂಲೆಯಲ್ಲಿ ತಲೆಗೆ ಸ್ಕಾರ್ಫ್ ಸುತ್ತಿ ಕೂತಿದ್ದಳು.

ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಮಾರುಕಟ್ಟೆಯ ದೃಶ್ಯದಲ್ಲಿ ಪೊರೊ, "ಮರದ ಮೆಟ್ಟು. ಸರಿಯಾಗಿದೆ," ಎಂದ. ಪೊಲೀಸನ ಬೂಟಿಗೆ ತಲೆಯಾಡಿಸಿದ. ನಾನು ಕಡಲೆಕಾಯಿ ಸುಲಿಯುವುದನ್ನು ಬಿಟ್ಟು ಸಿಪ್ಪೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಆಮೇಲೆ ಇಗರ್ಜಿಯ ಬಾಗಿಲು ತೆರೆಯಿತು. ಪರದೆಯ ತುಂಬ ನನ್ನ ಶೂ, ಮೂರು ಗುಂಡಿ. ಪೊರೊ ಮುಂದಿನ ಕುರ್ಚಿಯ ಬೆನ್ನು ಹಿಡಿದು ಬಾಗಿದ. ಮದುಮಗಳು ನಡೆದಳು. ಎರಡು ಹೆಜ್ಜೆ ಹಾಕಿ ನಿಂತಳು. ಮತ್ತೆ ಎರಡು ಹೆಜ್ಜೆ, ಮತ್ತೆ ನಿಂತಳು. ಎಡಗಾಲನ್ನು ನೆಲಕ್ಕೆ ಮುಟ್ಟಿಸಿಯೂ ಮುಟ್ಟಿಸದ ಹಾಗೆ ಊರುತ್ತಿದ್ದಳು. ಮುಂದೆ ನದಿ ಬಂತು, ಕೆಸರು ಬಂತು, ಶೂ ಮುಳುಗಿತು. ಆಗಲೂ ಅವನು ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಗಿಯುವವರೆಗೂ ನಾನು ಪರದೆ ಬಿಟ್ಟು ಅವನ ದವಡೆಯನ್ನೇ ನೋಡುತ್ತಿದ್ದೆ.

ದೀಪ ಹತ್ತಿತು. ಹದಿನಾಲ್ಕು ಮುಖ ನಮ್ಮ ಕಡೆ ತಿರುಗಿದವು. ರೋವೆನಾ ಮೆಟ್ಟಿಲಿಳಿದು ಬಂದು ನಿಂತಳು, ಸ್ಕಾರ್ಫಿನ ತುದಿ ಹಲ್ಲಿನಲ್ಲಿ.

"ಹೆಂಗಿತ್ತು ಮಾಂಗ್ ಪೊರೊ?" ಎಂದಳು ಬೆಲೆನ್, ಮೆಲ್ಲಗೆ.

"ಆ ಎಡಗಾಲಿನ ಹೀಲು ಬಲಗಾಲಿನದಕ್ಕಿಂತ ಕಾಲು ಅಂಗುಲ ಎತ್ತರ ಇದೆ," ಎಂದ ಪೊರೊ. "ಒಂದೊಂದು ಹೆಜ್ಜೆಗೂ ಹುಡುಗಿ ಪ್ರಾಣ ಹೋಗ್ತಿತ್ತು. ಅದನ್ನ ಮಾಡಿದೋನು ಶತಮೂರ್ಖ."

ತೂರೊ ಹೋ ಎಂದು ನಕ್ಕ. "ಹಿಡಿದ ನೋಡಪ್ಪಾ! ಯಾವನಯ್ಯಾ ಅವನು?"

"ನಾನೇ."

ರೋವೆನಾ ಅಳುತ್ತಾ, "ಅಪ್ಪಾ, ತಪ್ಪಾಯ್ತು, ನಾನೇ ಅಮ್ಮನ ಹತ್ರ ಇಸ್ಕೊಂಡಿದ್ದು, ಎರಡೂ ಹಾಳಾಗೋಯ್ತು..." ಅಂದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಹಾಳಾಗಲಿ ಬಿಡು ಮಗಳೇ. ಒಳ್ಳೇ ಕೆಲಸ ಮಾಡಿದೀಯ. ಎಲ್ಲಾ ಸರಿಯಾಗಿತ್ತು, ತಪ್ಪಿದ್ದು ನಂದೊಂದೇ," ಅಂದ. ಹಾಗಂದು ನನ್ನ ಕಡೆ ತಿರುಗಿದ.

"ಡೋರಿಂಗ್, ನೀನೂ ಅವತ್ತು ಹಿಂಗೇ ನಡೆದು ಬಂದೆ. ಎರಡು ಹೆಜ್ಜೆ, ನಿಂತೆ. ಎರಡು ಹೆಜ್ಜೆ, ನಿಂತೆ. ನಾನು ಪಾದ್ರಿ ಪಕ್ಕ ನಿಂತು ನಿನ್ನ ಕಾಲೇ ನೋಡ್ತಿದ್ದೆ. ಇವಳಿಗೆ ಮನಸ್ಸಿಲ್ಲ, ಅಪ್ಪನ ಬಲವಂತಕ್ಕೆ ಬರ್ತಿದಾಳೆ ಅಂದ್ಕೊಂಡೆ. ಆಮೇಲೆ ಆ ಶೂನ ನೀನು ಒಂದಿನಾನೂ ಹಾಕ್ಲಿಲ್ಲ. ಖಾತ್ರಿ ಆಯ್ತು ನಂಗೆ."

ನಲವತ್ತನಾಲ್ಕು ವರ್ಷ! ಜಾತ್ರೆಗಿರಲಿ, ಸಿನಿಮಾಕ್ಕಿರಲಿ, ಹೊರಡುವ ಮುಂಚೆ "ನಿಂಗೆ ಇಷ್ಟ ಇದ್ರೆ ಮಾತ್ರ" ಎಂದು ಈ ಮನುಷ್ಯ ಯಾಕೆ ಕೇಳುತ್ತಿದ್ದ ಎಂಬುದು ಆಗ ಅರ್ಥವಾಯಿತು. ಒಳ್ಳೆಯ ನಡತೆ ಅಂದುಕೊಂಡಿದ್ದೆ. ಭಯವಂತೆ! ಇಷ್ಟು ವರ್ಷ ನನ್ನ ಪಕ್ಕದಲ್ಲಿ ಭಯ ಇಟ್ಟುಕೊಂಡು ಮಲಗಿದ್ದನಲ್ಲ, ಪಾಪ! ಅದರ ಹಿಂದೆಯೇ ಸಿಟ್ಟೂ ಬಂತು.

"ಅಯ್ಯೋ ಮಂಕೇ, ಶೂ ಕಾಲು ಕಚ್ತಿತ್ತು ಕಣೋ! ಬೊಬ್ಬೆ ಎದ್ದಿತ್ತು! ತಿಂಗಳಿಡೀ ನಿದ್ದೆಗೆಟ್ಟು ಮಾಡಿದೋನ ಹತ್ರ ಅದನ್ನ ಹೆಂಗ್ ಹೇಳ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ."

"ಹಂಗಾದ್ರೆ... ಮನಸ್ಸಿತ್ತಾ?"

ಇಡೀ ಗಲ್ಲಿ ಕಾಯುತ್ತಿತ್ತು. ಕಸ ಗುಡಿಸಲು ಬಂದ ಹೆಂಗಸೂ ಪೊರಕೆ ಹಿಡಿದು ನಿಂತಿದ್ದಳು. ಅರವತ್ತೊಂಬತ್ತು ವರ್ಷದ ನನ್ನ ಗಂಡ, ಊರಿನ ಸಿನಿಮಾಗಳಿಗೆಲ್ಲ ತೀರ್ಪು ಕೊಡುವವನು, ಕೈಕಟ್ಟಿ ನನ್ನೆದುರು ನಿಂತಿದ್ದ.

"ಮನಸ್ಸಿಲ್ದೇ ಇದ್ದಿದ್ರೆ," ಎಂದೆ, "ಅಂಥಾ ಶೂ ಹಾಕ್ಕೊಂಡು ನಿನ್ನ ತನಕ ನಡೀತಿದ್ನೇನೋ ನಾನು?"